ಮುಸುಕು ಹಾಕದ ಸೋಮ

ಇದನ್ನು ಕೇಳಿದವರೆಲ್ಲ ಮೊದಲು ಕೇಳುವ ಪ್ರಶ್ನೆ, ಆ ರಾತ್ರಿ ನಿಮಗೆ ಜ್ವರವಿತ್ತೇ ಎಂದು. ಇರಲಿಲ್ಲ. ಹೊಟ್ಟೆ ತುಂಬ ರಾಗಿಮುದ್ದೆ, ಹುರುಳಿ ಸಾರು ಉಂಡಿದ್ದೆ. ಲಿಂಗ ಕಟ್ಟಿದ ಮನೆತನ ನಮ್ಮದು, ಕುಡಿತ ಹೊಸಿಲು ದಾಟಿ ಬಂದಿಲ್ಲ. ದೆವ್ವ ಭೂತ ಎಂದರೆ ನಗುತ್ತಿದ್ದವನು ನಾನು. ನಂಬುವುದು ಬಿಡುವುದು ನಿಮಗೆ ಸೇರಿದ್ದು, ನಡೆದದ್ದು ಮಾತ್ರ ಹೀಗೇ...

ನಾನು ಪಟ್ಟಣದ ಚಿತ್ರಶಾಲೆಯಲ್ಲಿ ಸಹಾಯಕ. ಅರಮನೆಯ ಮಹಾಸ್ವಾಮಿಗಳ ತೈಲಚಿತ್ರಗಳ ದೂಳು ಒರೆಸುವುದು, ಬಣ್ಣ ಮಂಕಾದರೆ ವಾರ್ನಿಷ್ ಬಳಿಯುವುದು, ಪ್ರದರ್ಶನ ಬಂದರೆ ಮೊಳೆ ಹೊಡೆದು ತೂಗುಹಾಕುವುದು, ಇದೇ ಕೆಲಸ. ಆ ವರ್ಷ ನಮ್ಮ ಮುಖ್ಯಸ್ಥರಿಗೆ ಒಂದು ಹುಚ್ಚು ಹಿಡಿಯಿತು. ಹಳ್ಳಿಗಳ ಕಲಾವಸ್ತುಗಳನ್ನು ಒಟ್ಟುಮಾಡಬೇಕು, ಮೊದಲು ಅಲ್ಲಲ್ಲೇ ತೋರಿಸಿ ಆಮೇಲೆ ಪಟ್ಟಣದ ಚಿತ್ರಶಾಲೆಗೆ ತರಬೇಕು. ನಾನು ಶಿರಾದವನು, ಈ ಕಡೆಯ ನೆಲ ಗೊತ್ತು ಎಂದು ನನ್ನನ್ನೇ ಅಟ್ಟಿದರು.

ಮಧುಗಿರಿಯ ಬೆಟ್ಟದ ಬುಡದಲ್ಲಿ ಒಂದು ಹಳೆಯ ಕಲ್ಲಿನ ಕಟ್ಟಡ ಸಿಕ್ಕಿತು. ಒಳಗೆ ಒಂದೇ ದೊಡ್ಡ ಹಜಾರ, ಮುಂದೆ ಉದ್ದನೆಯ ಕಲ್ಲುಹಾಸಿನ ಜಗಲಿ. ಶಿರಾದ ಕಂಬಳಿಗಳು ಬಂದವು, ಪಾವಗಡ ಕಡೆಯ ತೊಗಲುಗೊಂಬೆಗಳು ಬಂದವು. ಹೊಳವನಹಳ್ಳಿ ಹತ್ತಿರದ ಒಂದು ಹಳ್ಳಿಯಿಂದ ಸೋಮ ಬಂದ.

ಸೋಮ ಎಂದರೆ ಊರಮ್ಮನ ಕಾವಲಿನವನು. ಮರದಲ್ಲಿ ಕೆತ್ತಿದ, ಮೊರದಷ್ಟು ಅಗಲದ ಕೆಂಪು ಮುಖ. ಗುಡ್ಡೆಗಣ್ಣು, ಕರಿ ಮೀಸೆ. ಹಬ್ಬದಲ್ಲಿ ಅದನ್ನು ಬಿದಿರಿನ ಚೌಕಟ್ಟಿಗೆ ಕಟ್ಟಿ, ಸೀರೆ ಸುತ್ತಿ, ಒಬ್ಬನು ಹೆಗಲ ಮೇಲೆ ಹೊತ್ತು ಗೆಜ್ಜೆ ಕಟ್ಟಿ ಕುಣಿಯುತ್ತಾನೆ. ಊರಿನವರು ಕೊಡುವುದಿಲ್ಲ ಎಂದರು. ಅಮಲ್ದಾರರು ಹೇಳಿಕಳಿಸಿದ ಮೇಲೆ ಒಪ್ಪಿದರು, ಆದರೆ ಹೊರುವವನು ಜೊತೆಗೇ ಬರುತ್ತಾನೆ ಎಂದರು.

ಅವನ ಹೆಸರು ಚನ್ನಿಗಪ್ಪ. ಅರವತ್ತು ದಾಟಿದ ಒಣಕಲು ಮೈ, ಮಾತಿಗೊಮ್ಮೆ ಕೆಮ್ಮು. ಮಕ್ಕಳಿಲ್ಲ. ತನ್ನ ನಂತರ ಹೊರಬೇಕಾಗಿದ್ದ ತಮ್ಮನ ಮಗ ಪ್ಲೇಗಿಗೆ ಹೋಗಿದ್ದ. ಗಾಡಿಯಲ್ಲಿ ಬರುವಾಗ ದಾರಿಯುದ್ದಕ್ಕೂ ಅವನಿಗೆ ಒಂದೇ ಯೋಚನೆ, ಮುಂದೆ ಯಾರು ಹೊರುತ್ತಾರೆ ಎಂದು. ಊರಿನವರು ಯಾರನ್ನಾದರೂ ತೋರಿಸು ಎಂದರೆ ತೋರಿಸುವವನು ನಾನಲ್ಲ, ಸೋಮನೇ ಆರಿಸುತ್ತಾನೆ ಎಂದನಂತೆ.

ಅದು ಹೇಗಪ್ಪಾ ಆರಿಸುತ್ತೆ, ಅರ್ಜಿ ಹಾಕಬೇಕೋ ಎಂದು ನಾನು ಕಿಚಾಯಿಸಿದೆ. ಅವನು ನಗಲಿಲ್ಲ.

"ಬರೀ ಮಕ ಅದು ಸ್ವಾಮಿ. ಹೊತ್ತು ಮುಳುಗಿದ್ ಮ್ಯಾಲೆ ತೆರೆದಿಟ್ರೆ ಮೈ ಹುಡುಕ್ತದೆ. ಅದ್ಕೇ ದೀಪ ಹಚ್ಚೋ ಹೊತ್ಗೆ ಮುಸುಕು ಹಾಕ್ಬುಡೋದು. ಒಂದ್ಸಲ ಹಿಡುದ್ರೆ ಸಾಯೋ ಗಂಟ ಬುಡಾಕಿಲ್ಲ. ಯಾರಾನಾ ಸಂಸಾರಸ್ಥನ್ನ ಹಿಡ್ಕಂಡ್ಬುಟ್ರೆ ಏನ್ ಮಾಡೋದು, ಅದೇ ನಂಗೆ ಯೋಚ್ನೆ."

ಅವನ ಕೈಯಲ್ಲಿ ಅರಿಶಿನದ ಬಟ್ಟೆಯೊಂದು ಸದಾ ಇರುತ್ತಿತ್ತು.

ಮರುದಿನ ಬೆಳಿಗ್ಗೆ ಅಮಲ್ದಾರರು ಪ್ರದರ್ಶನ ತೆರೆಯುವವರಿದ್ದರು. ಎಲ್ಲ ಅಣಿಯಾಗಿತ್ತು, ಸೋಮನ ಮುಖ ಮಾತ್ರ ಎಷ್ಟೋ ವರ್ಷದ ಹೊಗೆ, ಕುಂಕುಮ ಮೆತ್ತಿಕೊಂಡು ಮಂಕಾಗಿತ್ತು. ಚಿತ್ರಶಾಲೆಯ ಮಾನದ ಪ್ರಶ್ನೆ. ಸಂಜೆ ಚನ್ನಿಗಪ್ಪ ಸ್ನಾನಕ್ಕೆಂದು ಬಾವಿಗೆ ಹೋದಾಗ ಅದನ್ನು ಚೆನ್ನಾಗಿ ಒರೆಸಿ, ತೈಲಚಿತ್ರಗಳಿಗೆ ಬಳಿಯುವ ಹಾಗೆ ದಪ್ಪನಾಗಿ ವಾರ್ನಿಷ್ ಬಳಿದು ಗೋಡೆಗೆ ತೂಗುಹಾಕಿದೆ. ಕೆಂಪು ಬಣ್ಣ ಥಳಥಳ ಹೊಳೆಯಿತು. ನನಗೇ ನನ್ನ ಕೆಲಸದ ಮೇಲೆ ಹೆಮ್ಮೆಯಾಯಿತು.

ಅವನು ಬಟ್ಟೆ ಹಿಡಿದು ಬಂದ. ಮುಸುಕು ಹಾಕಬೇಡ, ಹಸಿ ವಾರ್ನಿಷ್, ಬಟ್ಟೆ ಅಂಟಿಕೊಂಡರೆ ಮುಖವೇ ಕೆಡುತ್ತದೆ ಎಂದೆ. ಗೋಡೆ ಕಡೆಗಾದರೂ ತಿರುಗಿಸಬಹುದೇ ಎಂದು ಕೇಳಿದ. ಅದೂ ಆಗುವುದಿಲ್ಲ, ಬೆಳಗಿನ ತನಕ ಗಾಳಿಗೆ ಒಣಗಬೇಕು ಎಂದೆ. ಅವನು ಸ್ವಲ್ಪ ಹೊತ್ತು ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಅಂಗಾದ್ರೆ ನಾನು ಎದುರ್ಗೇ ಕುಂತ್ಕಂಡಿರ್ತೀನಿ. ನೀವು ಇಲ್ಲಿರ್ಬ್ಯಾಡಿ ಸ್ವಾಮಿ. ನಿಮ್ಮಕ್ಕನ ಮನೇಗೋಗಿ ಮಲಿಕ್ಕಳಿ."

ನಮ್ಮಕ್ಕನ ಮನೆ ಅದೇ ಊರಿನಲ್ಲಿತ್ತು, ಹೋಗಬಹುದಿತ್ತು. ಆದರೆ ಅಷ್ಟು ಸಾಮಾನಿನ ಹೊಣೆ ನನ್ನದು. ಒಬ್ಬ ಮುದುಕನ ಮಾತಿಗೆ ಬಿಟ್ಟುಹೋಗುವುದೇ ಎಂದು ಜಗಲಿಯ ಮೇಲೆ ಚಾಪೆ ಹಾಸಿದೆ. ಅವನು ಹಜಾರದ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿಕೊಂಡ.

ಕಿಟಕಿಯಿಂದ ವಾರ್ನಿಷ್ ವಾಸನೆ ಘಮ್ಮೆಂದು ಬರುತ್ತಿತ್ತು. ಒಳಗೆ ಮುದುಕನ ಕೆಮ್ಮು... ಒಂದಿಷ್ಟು ಹೊತ್ತು ಮೌನ... ಮತ್ತೆ ಕೆಮ್ಮು. ಅದನ್ನು ಕೇಳುತ್ತಲೇ ನಿದ್ದೆ ಹತ್ತಿತು.

ಎಚ್ಚರವಾದದ್ದು ವಾಸನೆಗೆ. ವಾರ್ನಿಷ್ ವಾಸನೆಯಲ್ಲ. ಹಸಿ ಬೇವಿನ ಸೊಪ್ಪು ಅರೆದ ಹಾಗೆ ಕಹಿ ವಾಸನೆ... ಅದರ ಹಿಂದೆಯೇ ಇನ್ನೊಂದು, ಬಿಸಿಯಾದದ್ದು... ಹಬ್ಬದ ಬೆಳಿಗ್ಗೆ ಮಾರಮ್ಮನ ಗುಡಿಯ ಮುಂದೆ ಹಾದುಹೋಗುವಾಗ ಮೂಗು ಮುಚ್ಚಿಕೊಳ್ಳುತ್ತೇವಲ್ಲ, ಆ ವಾಸನೆ.

ಒಳಗಿನ ಕೆಮ್ಮು ನಿಂತಿತ್ತು.

ಝಲ್... ಝಲ್... ಝಲ್...

ಗೆಜ್ಜೆ. ಅವಸರವಿಲ್ಲದ, ಭಾರವಾದ ಹೆಜ್ಜೆ. ಎದ್ದು ಕಿಟಕಿಯ ಸರಳು ಹಿಡಿದು ಇಣುಕಿದೆ. ಸೀಮೆಎಣ್ಣೆ ದೀಪ ಸಣ್ಣಗೆ ಉರಿಯುತ್ತಿತ್ತು. ಕೆಂಪು ಮುಖ ಗೋಡೆಯ ಮೇಲಿರಲಿಲ್ಲ. ಹಜಾರದ ನಡುವೆ ಆಳೆತ್ತರದಲ್ಲಿ ಅದು ಅತ್ತ ವಾಲುತ್ತಿತ್ತು... ಇತ್ತ ವಾಲುತ್ತಿತ್ತು...

ಸೋಮನನ್ನು ಚನ್ನಿಗಪ್ಪ ಹೊತ್ತಿದ್ದಾನೆ ಎಂದುಕೊಂಡೆ. ಆ ಎದೆ ಇಟ್ಟುಕೊಂಡು ಕುಣಿದರೆ ಮುದುಕ ಬೆಳಗಿನೊಳಗೆ ಸಾಯುತ್ತಾನೆ ಎಂದು ಭಯವಾಯಿತು. ಪಿಸುದನಿಯಲ್ಲಿ ಕರೆದೆ.

"ಚನ್ನಿಗಪ್ಪ, ಸಾಕು ಮಾರಾಯ. ಇಳಿಸು."

ಮುಖ ನಿಧಾನವಾಗಿ ಕಿಟಕಿಯ ಕಡೆಗೆ ತಿರುಗಿತು. ಹಸಿ ವಾರ್ನಿಷ್ ಮೇಲೆ ದೀಪದ ಬೆಳಕು ಬಿದ್ದು ಕಣ್ಣುಗುಡ್ಡೆಗಳು ಒದ್ದೆಯಾಗಿ ಕಂಡವು. ಅದರ ಕೆಳಗೆ ಏನಿದೆ ಎಂದು ನೋಡಲು ಹೋದೆ... ಏನೂ ಕಾಣಲಿಲ್ಲ. ಬಿದಿರಿನ ಚೌಕಟ್ಟು ಮೂಲೆಯಲ್ಲಿ ಕಟ್ಟು ಬಿಚ್ಚದೆ ಹಾಗೇ ಬಿದ್ದಿತ್ತು.

ಆಮೇಲೆ ನನಗೆ ನೆನಪಿರುವುದು ಇಷ್ಟೇ. ಅಂಗಾಲಿನ ಕೆಳಗೆ ತಣ್ಣನೆಯ ಕಲ್ಲು. ಕಣ್ಣೆದುರಿಗೆ ಆ ಮುಖ, ಅಷ್ಟೇ ದೂರದಲ್ಲಿ. ಗೆಜ್ಜೆಯ ಸದ್ದು. ಕಣ್ಣು ಕೀಳಬೇಕು ಅನ್ನಿಸುತ್ತಿತ್ತು, ಆಗುತ್ತಿರಲಿಲ್ಲ. ನಾನು ಸರಳು ಹಿಡಿದು ನಿಂತೇ ಇದ್ದೇನೆ ಎಂದುಕೊಂಡಿದ್ದೆ. ಎಲ್ಲೋ ಕೋಳಿ ಕೂಗಿದ್ದು ಕೇಳಿಸಿತು, ಜಗಲಿಯ ಮೇಲೆ ಕುಸಿದೆ.

ಬೆಳಕು ಹರಿದ ಮೇಲೆ ಅಗುಳಿ ತೆಗೆದ ಸದ್ದಾಯಿತು. ಚನ್ನಿಗಪ್ಪ ಜೀವಂತವಾಗಿ ಹೊರಗೆ ಬಂದ. ಅವನನ್ನು ನೋಡಿ ಹೋದ ಜೀವ ಬಂದಂತಾಗಿ ರೇಗಿಬಿಟ್ಟೆ. ರಾತ್ರಿಯೆಲ್ಲ ಹಾಗೆ ಕುಣಿದೆಯಲ್ಲ, ಬದುಕುವ ಆಸೆ ಇಲ್ಲವೇ ಎಂದು ಬೈದೆ.

ಅವನು ನನ್ನ ಮುಖ ನೋಡಲಿಲ್ಲ.

"ನಾನೆಲ್ಲಿ ಕುಣುದ್ನಿ ಸ್ವಾಮಿ. ಸೋಮ ಗೋಡೆ ಬುಟ್ಟು ಇಳೀಲಿಲ್ಲ. ಅವನ ಎದುರ್ಗೇ ಕುಂತಿದ್ದೆ, ರೆಪ್ಪೆ ಮುಚ್ಲಿಲ್ಲ."

"ಹಾಗಾದರೆ ಗೆಜ್ಜೆ?"

"ಜಗಲಿ ಮ್ಯಾಲಿತ್ತು ಸದ್ದು. ಕಿಟಕೀಲಿ ನೋಡ್ದೆ. ಕೂಗ್ದೆ. ನಿಮ್ಗೆ ಕೇಳಿಸ್ಲೇ ಇಲ್ಲ."

ಅವನು ನನ್ನ ಕಾಲನ್ನು ನೋಡುತ್ತಿದ್ದ. ನಾನೂ ನೋಡಿದೆ. ಅಂಗಾಲಿನ ಚರ್ಮ ಕಿತ್ತುಬಂದಿತ್ತು. ಜಗಲಿಯ ಕಲ್ಲಿನ ತುಂಬ ರಕ್ತದ ಹೆಜ್ಜೆಗಳು, ಸುತ್ತಿ ಸುತ್ತಿ ಒಂದರ ಮೇಲೊಂದು. ಅಲ್ಲಿಯವರೆಗೂ ಇಲ್ಲದ ನೋವು ಆ ಕ್ಷಣ ಒಮ್ಮೆಗೇ ಬಂತು. ಗೆಜ್ಜೆ ಅವನ ಗಂಟಿನಲ್ಲೇ ಇತ್ತು, ಬಿಚ್ಚಿ ತೋರಿಸಿದ. ಆದರೆ ನನ್ನ ಕಾಲಿನ ಹರಡಿನ ಸುತ್ತ ಕಟ್ಟು ಬಿಗಿದ ಬಾಸುಂಡೆ ಎದ್ದಿತ್ತು.

ಚನ್ನಿಗಪ್ಪ ಬಾವಿಯಿಂದ ನೀರು ಸೇದಿ ತಂದು ನನ್ನ ಕಾಲು ತೊಳೆದ, ಆಮೇಲೆ ಜಗಲಿ ತೊಳೆದ. ತೊಳೆಯುತ್ತ ಅಳುತ್ತಿದ್ದ. ಯಾರಿಗೂ ಹೇಳಬೇಡಿ, ನಾನೂ ಹೇಳುವುದಿಲ್ಲ, ನನ್ನ ಬಾಯಿಂದ ನಿಮ್ಮ ಹೆಸರು ಬರುವುದಿಲ್ಲ ಎಂದ. ನೀವು ಸಂಸಾರಸ್ಥರು ಎಂದು ಮತ್ತೆ ಮತ್ತೆ ಹೇಳಿದ.

ಅಮಲ್ದಾರರು ಬಂದರು, ಸೋಮನ ಹೊಳಪನ್ನು ಬಹಳ ಮೆಚ್ಚಿದರು. ನಾನು ಕಾಲಿಗೆ ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿ ನಿಂತಿದ್ದೆ. ಸಂಜೆ ದೀಪ ಹಚ್ಚುವ ಮುಂಚೆ ಚನ್ನಿಗಪ್ಪ ಸೋಮನಿಗೆ ಮುಸುಕು ಹಾಕಿ ಗಾಡಿಯಲ್ಲಿ ಊರಿಗೆ ಕೊಂಡೊಯ್ದ. ಪಟ್ಟಣಕ್ಕೆ ಕಳಿಸುವುದಿಲ್ಲ ಎಂದ. ನಾನು ತಡೆಯಲಿಲ್ಲ, ಮುಖ್ಯಸ್ಥರ ಬೈಗುಳ ತಿಂದೆ. ಡಾಕ್ಟರು ಇದು ನಿದ್ದೆಯಲ್ಲಿ ನಡೆಯುವ ರೋಗ ಎಂದಾಗ ಖುಷಿಯಿಂದ ಒಪ್ಪಿಕೊಂಡೆ. ವರ್ಷಗಳು ಹೋದವು, ಕಾಲಿನ ಗಾಯ ಮಾಯಿತು.

ಹೋದ ಕಾರ್ತೀಕದಲ್ಲಿ ಚಿತ್ರಶಾಲೆಯಲ್ಲಿ ಹೊಸ ಚಿತ್ರಗಳ ಪ್ರದರ್ಶನವಿತ್ತು. ಒಳಗೆ ದೊಡ್ಡ ಮನುಷ್ಯರು, ವೀಣೆ ಕಚೇರಿ, ಗಂಧದ ವಾಸನೆ. ಬಾಗಿಲ ಬಳಿ ದೂಳು ಮೆತ್ತಿದ ಕಾಲಿನ ಇಬ್ಬರು ಬಂದು ನಿಂತರು. ಒಬ್ಬರು ಸೋಮನ ಹಳ್ಳಿಯ ಗೌಡರು, ಇನ್ನೊಬ್ಬ ಬಡಗಿ. ಚನ್ನಿಗಪ್ಪ ತೀರಿಕೊಂಡ ಎಂದರು. ನಿಜವಾಗಿ ದುಃಖವಾಯಿತು. ಆಮೇಲೆ ಕೇಳಿದೆ, ನನ್ನ ಹೆಸರು ಅವನು ಹೇಳಿದನೇ ಎಂದು.

"ಇಲ್ಲ ಸ್ವಾಮಿ," ಎಂದರು ಗೌಡರು. "ಪ್ರಾಣ ಹೋಗೋ ಗಂಟ ಕೇಳುದ್ವಿ. ಯಾರ್ ಹೆಸ್ರೂ ಹೇಳ್ಲಿಲ್ಲ."

"ಮತ್ತೆ ಇಲ್ಲಿಗೆ ಹೇಗೆ ಬಂದಿರಿ?"

ಅವರು ಬಡಗಿಯ ಮುಖ ನೋಡಿದರು, ಬಡಗಿ ನೆಲ ನೋಡಿದ. ಬಡಗಿ ಸೊಂಟದಿಂದ ಒಂದು ದಾರ ತೆಗೆದ. ಸೋಮನ ಹೊಸ ಚೌಕಟ್ಟಿಗೆ ಹೆಗಲಿನ ಅಳತೆ ಬೇಕಾಗಿತ್ತು ಎಂದು ಮೆಲ್ಲಗೆ ಹೇಳಿದ.

ಆಗುವುದಿಲ್ಲ, ಹೊರಡಿ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಎರಡೂ ಕೈಗಳು ತಾವಾಗಿ ಮೇಲೆದ್ದು ಅಗಲಕ್ಕೆ ಚಾಚಿಕೊಂಡಿದ್ದವು. ಇಳಿಸಲು ನೋಡಿದೆ... ಎಷ್ಟು ನೋಡಿದೆ... ಬಡಗಿ ಅಳತೆ ಮುಗಿಸಿ ದಾರಕ್ಕೆ ಗಂಟು ಹಾಕುವವರೆಗೂ ಅವು ಇಳಿಯಲಿಲ್ಲ.

ಊರಮ್ಮನ ಹಬ್ಬ ಯುಗಾದಿ ಕಳೆದ ಮೇಲಂತೆ. ನನ್ನ ಹೆಂಡತಿಗೆ ಇನ್ನೂ ಹೇಳಿಲ್ಲ.