ತೋಳದ ಸುದ್ದಿ ಅಚ್ಚಾಗದ ದಿನ

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಕಾಕ ಕಳಿಸಿದ ಫೋಟೋದಲ್ಲಿ ಇದ್ದದ್ದು ಒಂದು ಹೆಜ್ಜೆ ಗುರುತು ಮಾತ್ರ. ಒದ್ದೆ ಮಣ್ಣು, ನಾಲ್ಕು ಬೆರಳು, ಬೆರಳುಗಳ ಮುಂದೆ ಉಗುರಿನ ಚುಕ್ಕೆಗಳು. ಅದರ ಜೊತೆಗೊಂದು ಧ್ವನಿ ಸಂದೇಶ. ನಾಲ್ಕು ಆಡು ಸತ್ತಿವೆ, ಅರ್ಬಾಬರು ತೋಳ ಅಂತಿದ್ದಾರೆ, ಪೇಪರ್‌ನವರು ಒಮ್ಮೆ ಬಂದು ನೋಡಬೇಕು.

ಪೇಪರ್‌ನವರು ಎಂದರೆ ನಾನು. ದುಬೈಯ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಬೇರೆಯವರು ಬರೆದದ್ದನ್ನು ತಿದ್ದುವ ಕೆಲಸ ನನ್ನದು. ಕಾಕ ಉಳ್ಳಾಲದ ಕಡೆಯ ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಮರು. ನಾನು ಅಲ್ ನಹ್ದಾ ಬಡಾವಣೆಗೆ ಬಂದ ಹೊಸತರಲ್ಲಿ ನಮ್ಮ ಕಟ್ಟಡದ ಕೆಳಗೆ ಕೆಫೆಟೇರಿಯಾ ನಡೆಸುತ್ತಿದ್ದರು. ಡ್ಯೂಟಿ ಮುಗಿಸಿ ಬಂದವನಿಗೆ ಕೇಳದೆಯೇ ಚಹಾ ಬರುತ್ತಿತ್ತು. ಕೆಫೆಟೇರಿಯಾ ಮುಚ್ಚಿದಾಗ ಅದರ ಸ್ಪಾನ್ಸರ್ ಆಗಿದ್ದ ಎಮಿರಾತಿ ಹಿರಿಯರು ಕಾಕನನ್ನು ಊರಿಗೆ ಕಳಿಸದೆ, ಹಟ್ಟಾದ ಬೆಟ್ಟಗಳ ನಡುವೆ ಇರುವ ತಮ್ಮ ಆಡಿನ ತೋಟ ನೋಡಿಕೊಳ್ಳಲು ಇಟ್ಟುಕೊಂಡರು. ಇಲ್ಲಿನ ಕೆಲಸಗಾರರು ಯಜಮಾನನನ್ನು ಕರೆಯುವ ಹಾಗೆ ಕಾಕ ಅವರನ್ನು ಅರ್ಬಾಬ್ ಎನ್ನುತ್ತಾರೆ. ನಾನೂ ಹಾಗೆಯೇ ಬರೆಯುತ್ತೇನೆ.

ಆ ತಿಂಗಳು ಕಾಕನ ವೀಸಾ ಮುಗಿಯುವುದರಲ್ಲಿತ್ತು. ವಯಸ್ಸು ಅರುವತ್ತು ದಾಟಿತ್ತು. ಅರ್ಬಾಬರು ಸಹಿ ಹಾಕಿದರೆ ಇನ್ನೆರಡು ವರ್ಷ. ಇಲ್ಲವಾದರೆ ಆ ವಯಸ್ಸಿನವರನ್ನು ಹೊಸದಾಗಿ ಕೆಲಸಕ್ಕೆ ತೆಗೆದುಕೊಳ್ಳುವವರು ಇಲ್ಲಿ ಕಡಿಮೆ. ಕಿರಿಯ ಮಗಳ ಓದಿಗೂ ಇನ್ನೆರಡೇ ವರ್ಷ ಬಾಕಿ ಇತ್ತು. ಆಡುಗಳನ್ನು ತೋಳ ಕೊಂದಿದ್ದರೆ ಅದು ಯಾರ ತಪ್ಪೂ ಅಲ್ಲ. ಬೇರೆ ಏನಾದರೂ ಕೊಂದಿದ್ದರೆ ಮೊದಲ ಪ್ರಶ್ನೆ ಕಾವಲಿನವನಿಗೆ.

ಫೋಟೋವನ್ನು ನಮ್ಮ ಸುದ್ದಿ ಸಂಪಾದಕಿಗೆ ತೋರಿಸಿದೆ. ಈ ದೇಶದ ಕಾಡಿನಲ್ಲಿ ತೋಳ ಉಳಿದಿಲ್ಲವೆಂದೇ ನಾವೆಲ್ಲ ಬರೆದುಕೊಂಡು ಬಂದದ್ದು. ಅವರು ಭಾನುವಾರದ ಪತ್ರಿಕೆಯ ಮೂರನೆಯ ಪುಟದಲ್ಲಿ ಜಾಗ ಹಿಡಿದಿಟ್ಟರು. ಶನಿವಾರ ಸಂಜೆ ನಾಲ್ಕರೊಳಗೆ ತಿಳಿಸಬೇಕು. ವನ್ಯಜೀವಿ ತಿಳಿದವರೊಬ್ಬರಿಗೆ ಫೋನ್ ಮಾಡಿದೆ. ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯವೂ ಇಲ್ಲದ ಫೋಟೋ ನೋಡಿ ತಾವು ಏನೂ ಹೇಳುವುದಿಲ್ಲ ಎಂದರು. ಅರೇಬಿಯದ ತೋಳ ಗಾತ್ರದಲ್ಲಿ ಸಣ್ಣದು, ಬೀದಿ ನಾಯಿಯಷ್ಟೇ ಇರುತ್ತದೆ ಎಂದೂ ಸೇರಿಸಿದರು.

ಶನಿವಾರ ಹತ್ತು ಗಂಟೆಗೆ ನಾನು ಹಟ್ಟಾದಲ್ಲಿದ್ದೆ. ಗುರುವಾರ ರಾತ್ರಿ ಹನಿ ಮಳೆ ಬಿದ್ದು, ಬೆಟ್ಟದಿಂದಿಳಿಯುವ ಒಣ ಹಳ್ಳದಲ್ಲಿ ತೆಳ್ಳಗೆ ಕೆಸರು ಕೂತಿತ್ತು. ಉಳಿದ ದಿನಗಳಲ್ಲಿ ಅಲ್ಲಿ ಬರೀ ಕಲ್ಲು, ಆನೆ ನಡೆದರೂ ಗುರುತು ಮೂಡುವುದಿಲ್ಲ. ಗಾಳಿಗೆ ಅಳಿಯದಿರಲಿ ಎಂದು ಕಾಕ ಹೆಜ್ಜೆ ಗುರುತಿನ ಮೇಲೆ ಆಡಿಗೆ ಮೇವು ಹಾಕುವ ಪ್ಲಾಸ್ಟಿಕ್ ಟಬ್ಬನ್ನು ಕವುಚಿ, ಮೇಲೆ ಕಲ್ಲಿಟ್ಟಿದ್ದರು.

ಟಬ್ಬಿನ ಎರಡು ಪಕ್ಕದಲ್ಲಿ ಇಬ್ಬರು ಹಿರಿಯರು ಚಾಪೆ ಹಾಸಿ ಕೂತಿದ್ದರು. ಒಬ್ಬರು ಅರ್ಬಾಬ್, ಇನ್ನೊಬ್ಬರು ಅವರ ಹೆಂಡತಿಯ ಅಣ್ಣ. ಭಾವನವರ ಆಡಿನ ತೋಟವೂ ಅದೇ ಹಳ್ಳದ ಆಚೆ ದಂಡೆಯಲ್ಲಿದೆ. ಇಬ್ಬರೂ ಪ್ರಾಯದಲ್ಲಿ ಬೇಟೆಗಾರರು. ಬೇಟೆ ನಿಂತು ಎಷ್ಟೋ ಕಾಲವಾಗಿದೆ, ಅದರ ಜಗಳ ಮಾತ್ರ ನಿಂತಿಲ್ಲ. ಹಳೆಯ ಮುಂಬಯಿ ವ್ಯಾಪಾರದ ಬಳಕೆಯಿಂದ ಇಬ್ಬರಿಗೂ ಹಿಂದಿ ಬರುತ್ತದೆ. ನನಗೆ ಅರ್ಥವಾಗಲಿ ಎಂದು ಹಿಂದಿಯಲ್ಲೇ ಜಗಳವಾಡಿದರು.

ಅರ್ಬಾಬರು ಟಬ್ಬೆತ್ತಿ ತೋರಿಸಿದರು. ನಡುವಿನ ಎರಡು ಬೆರಳಿನ ಗುರುತು ಬುಡದಲ್ಲಿ ಒಂದಕ್ಕೊಂದು ಕೂಡಿಕೊಂಡಿತ್ತು. ಈ ಕಡೆಯ ತೋಳಕ್ಕೆ ಆ ಎರಡು ಬೆರಳು ಹುಟ್ಟುವಾಗಲೇ ಅಂಟಿರುತ್ತವೆ, ನಾಯಿಗೆ ಬಿಡಿಯಾಗಿರುತ್ತವೆ ಎಂದರು.

ಭಾವನವರು ಬಗ್ಗಿಯೂ ನೋಡಲಿಲ್ಲ. “ಮಾಫಿ ಧೀಬ್” ಎಂದರು. ತೋಳ ಇಲ್ಲ. ಕೆಸರಿನಲ್ಲಿ ಕಾಲು ಜಾರಿದರೆ ನಿನ್ನ ಬೆರಳೂ ಅಂಟುತ್ತದೆ ಎಂದು ಹಂಗಿಸಿದರು.

ನಾನು ಪುಸ್ತಕ ತೆಗೆದು ಎರಡು ಕಾಲಂ ಮಾಡಿದೆ. ಅದು ಕೆಲಸದ ಅಭ್ಯಾಸ. ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು, ಒಂದೇ ಸಾಕ್ಷಿ ಎರಡೂ ಕಾಲಮ್ಮಿಗೆ ಹೋಗುತ್ತಿದೆ. ನಾಲ್ಕು ಆಡು ಕೊಂದು ಒಂದನ್ನೇ ತಿಂದಿದೆ. ಆಟಕ್ಕೆ ಕೊಲ್ಲುವುದು ನಾಯಿ ಎಂದರು ಭಾವ. ದೊಡ್ಡಿಯೊಳಗೆ ಸಿಕ್ಕಿದರೆ ತೋಳವೂ ನಿಲ್ಲಿಸುವುದಿಲ್ಲ ಎಂದರು ಅರ್ಬಾಬ್. ಬೊಗಳಿದ್ದು ಯಾರಿಗೂ ಕೇಳಿಲ್ಲ. ಕೇಳಿಸದಿದ್ದರೆ ತೋಳ. ಅಥವಾ ಹೊಟ್ಟೆ ತುಂಬಿದ ನಾಯಿ.

ಮುಂದೇನು ಮಾಡಬೇಕು ಎಂಬಲ್ಲಿ ಜಗಳ ಬಿಸಿಯಾಯಿತು. ಭಾವನವರ ಮಾತು ನೇರ. ತೋಳವಾಗಲಿ ನಾಯಿಯಾಗಲಿ, ಆಡು ತಿಂದದ್ದನ್ನು ಹಿಡಿಸಬೇಕು. ಪಂಜರ ಇಡಿಸಬೇಕು, ಮುನಿಸಿಪಾಲಿಟಿಗೆ ಹೇಳಬೇಕು, ಮುಂದಿನ ವಾರ ಅದು ಹಳ್ಳ ದಾಟಿ ತಮ್ಮ ದೊಡ್ಡಿಗೆ ಬರುತ್ತದೆ. ಆಡು ಕಳೆದುಕೊಂಡ ಅರ್ಬಾಬರೇ ಬೇಡ ಎನ್ನುತ್ತಿದ್ದರು. ನಾಯಿಯಾದರೆ ಇವತ್ತೇ ಹಿಡಿಸು, ತೋಳವಾದರೆ ಒಬ್ಬರಿಗೂ ಹೇಳಬೇಡ, ಇನ್ನೂ ನಾಲ್ಕು ತಿನ್ನಲಿ ಎಂದರು. ಪೇಪರಿನಲ್ಲಿ ಹಳ್ಳದ ಹೆಸರು ಹಾಕಬಾರದು ಎಂದು ನನಗೂ ಕಟ್ಟಪ್ಪಣೆ ಮಾಡಿದರು.

ಭಾವನವರು ನನ್ನತ್ತ ತಿರುಗಿ, ಇವನಿಗೆ ಈ ಕರುಣೆ ಎಲ್ಲಿಂದ ಬಂತು ಕೇಳು ಎಂದರು. ಅರ್ಬಾಬರು ತಾವೇ ಹೇಳಿದರು. ಇಪ್ಪತ್ತರ ಪ್ರಾಯದಲ್ಲಿ ಈ ಹಳ್ಳದ ಬಾಯಲ್ಲಿ ತಂದೆಯ ಬಂದೂಕಿನಿಂದ ಒಂದು ತೋಳ ಹೊಡೆದಿದ್ದರು. ಆಗಿನ ಪದ್ಧತಿಯಂತೆ ಅದನ್ನು ಮುಳ್ಳು ಮರಕ್ಕೆ ನೇತುಹಾಕಿದರು, ಉಳಿದವು ನೋಡಿ ಹೆದರಲಿ ಎಂದು.

“ಹೆದರುವುದಕ್ಕೆ ಇನ್ನೊಂದು ಬರಲೇ ಇಲ್ಲ” ಎಂದರು.

ಭಾವನವರು ಬೆತ್ತ ಊರಿ ಎದ್ದರು. ಆ ದಿನ ಮರಕ್ಕೆ ಕಟ್ಟಲು ಹಗ್ಗ ಹಿಡಿದದ್ದು ಅವರೇ ಎಂದು ಕಾಕ ಆಮೇಲೆ ನನಗೆ ಹೇಳಿದರು.

ಹನ್ನೆರಡರ ಹೊತ್ತಿಗೆ ನಾಲ್ವರೂ ಹಳ್ಳದಲ್ಲಿ ನಡೆದೆವು. ಭಾವನವರು ಮುಂದೆ, ಕೈಯಲ್ಲಿ ಬೆತ್ತ. ಕೆಸರಿನ ತೇಪೆ ಇದ್ದಲ್ಲಿ ಗಾಳಿಗೆ ಅರ್ಧ ಅಳಿದ ಗುರುತು, ಕಲ್ಲು ಬಂದಲ್ಲಿ ಅದೂ ಇಲ್ಲ. ಇನ್ನೂರು ಹೆಜ್ಜೆ ಹೋದ ಮೇಲೆ ಒಂದು ಬಂಡೆಯ ನೆರಳಿನಲ್ಲಿ ಪ್ರಾಣಿ ಕಕ್ಕಿದ್ದು ಒಣಗಿ ಬಿದ್ದಿತ್ತು. ಆಡಿನ ಕೂದಲು, ಚರ್ಮದ ಚೂರು. ಭಾವನವರು ಬೆತ್ತದಿಂದ ಬಿಡಿಸಿದರು. ಒಳಗೆ ದಪ್ಪ ದಪ್ಪ ಕಾಳು, ಮೈಮೇಲೆ ಕೆಂಪು ಗೆರೆ.

ಏನೋ ಕಾಡು ಹುಲ್ಲಿನ ಬೀಜ ಎಂದರು ಅವರು. ಅರ್ಬಾಬರ ಮುಖ ಅರಳಿತು. ಬೀಜ ತಿನ್ನುವುದು ಕಾಡಿನದು, ಊರಿನದಲ್ಲ. ಮೇಲಾಗಿ ತೋಳ ಮರಿಗಳಿಗಾಗಿ ಹೀಗೆ ಕಕ್ಕಿ ಕೊಡುತ್ತದೆ. ಭಾವನವರು ಬಗ್ಗಿ ಕಾಳುಗಳನ್ನು ಬೆತ್ತದಿಂದ ಇನ್ನೊಮ್ಮೆ ಹೊರಳಿಸಿದರು.

ಅದು ಕುಚ್ಚಲಕ್ಕಿ, ನಮ್ಮ ಊರ ಕಡೆಯ ಊಟದ ಅಕ್ಕಿ. ಆ ಹಳ್ಳದ ಉದ್ದಕ್ಕೂ ಎಲ್ಲರ ಮನೆಯಲ್ಲಿ ಬೇಯುವುದು ಬಾಸ್ಮತಿ. ಕುಚ್ಚಲಕ್ಕಿ ಬೇಯುವುದು ಒಂದೇ ಒಲೆಯಲ್ಲಿ. ಅಲ್ ನಹ್ದಾದ ಸೂಪರ್ ಮಾರ್ಕೆಟ್ಟಿನಿಂದ ಆ ಚೀಲ ತಂದುಕೊಡುತ್ತಿದ್ದವನು ನಾನೇ.

ನಾನು ಏನೂ ಹೇಳಲಿಲ್ಲ. ಇದನ್ನು ಇದ್ದ ಹಾಗೆ ದಾಖಲಿಸಬೇಕು. ಕಾಕನ ವೀಸಾ ನೆನಪಾಯಿತು, ಅದು ನಿಜ. ಮೂರನೆಯ ಪುಟವೂ ನೆನಪಾಯಿತು, ಅದೂ ನಿಜ. ತೋಟದಲ್ಲಿ ನಾಯಿ ಸೇರಿಸಬಾರದು ಎಂಬುದು ಅರ್ಬಾಬರು ಹಾಕಿದ್ದ ಒಂದೇ ಷರತ್ತು. ಹಿಂದಿನ ಕೆಲಸದವನನ್ನು ಅದೇ ಕಾರಣಕ್ಕೆ ಕಳಿಸಿದ್ದರು. ಬೀಜ ಎಂದು ಇಬ್ಬರು ಅನುಭವಸ್ಥರು ಹೇಳಿದ್ದಾರೆ, ನಾನು ಬರೆಯುವುದು ಅವರ ಮಾತನ್ನು ಎಂದು ಮನಸ್ಸು ವಾಕ್ಯ ಕಟ್ಟುತ್ತಿತ್ತು. ಎಷ್ಟೋ ಸಲ ಬೇರೆಯವರ ಪ್ರತಿಯಲ್ಲಿ ನಾನೇ ಕೆಂಪು ಗೀಟು ಎಳೆದ ಜಾತಿಯ ವಾಕ್ಯ.

ಕಾಕ ತಲೆಯ ಮೇಲಿನ ಟವಲ್ ತೆಗೆದು ಮುಖ ಒರೆಸಿಕೊಂಡರು.

“ಅದು ಬೀಜ ಅಲ್ಲ ಅರ್ಬಾಬ್. ನನ್ನ ಅನ್ನ.”

ಅರ್ಬಾಬರಿಗೆ ಮೊದಲು ತಿಳಿಯಲಿಲ್ಲ. “ನಿನ್ನ ಅನ್ನ ತೋಳದ ಹೊಟ್ಟೆಗೆ ಹೇಗೆ ಹೋಗುತ್ತದೆ?”

“ತೋಳ ಅಲ್ಲ. ಒಂದು ಹೆಣ್ಣು ನಾಯಿ. ಮೂರು ಮರಿ, ಈಗ ದೊಡ್ಡದಾಗಿವೆ. ಸಂಜೆ ಉಳಿದ ಅನ್ನ, ಮೀನಿನ ಸಾರು ಅಡುಗೆ ಮನೆಯ ಗೋಡೆಯ ಹಿಂದೆ ಇಡ್ತೇನೆ. ಒಳಗೆ ಸೇರಿಸಿಲ್ಲ. ಆದರೆ ಅವು ಬರಲಿಕ್ಕೆ ಕಲಿತದ್ದು ನನ್ನಿಂದ.”

ನಮ್ಮ ಕರಾವಳಿಯ ಯಾವ ಮನೆಯಲ್ಲೂ ಬೆಂದ ಅನ್ನವನ್ನು ಕಸದ ಬುಟ್ಟಿಗೆ ಹಾಕುವುದಿಲ್ಲ. ಹಿತ್ತಲಿನ ಕಲ್ಲಿನ ಮೇಲೆ ಇಡುತ್ತೇವೆ, ಯಾವುದಾದರೂ ಜೀವ ತಿನ್ನುತ್ತದೆ. ಯಾವ ಜೀವ ಎಂದು ಯಾರೂ ಕೇಳುವುದಿಲ್ಲ. ಕಾಕ ಬ್ಯಾರಿಗಳು, ನಾಯಿಯನ್ನು ಮುಟ್ಟುವವರಲ್ಲ. ಆದರೂ ಹಸಿದದ್ದಕ್ಕೆ ಕೊಟ್ಟರೆ ಪುಣ್ಯ ಎಂದು ನಂಬಿದವರು. ಹಟ್ಟಾದ ಗೋಡೆಯ ಹಿಂದೆಯೂ ಅವರು ಅದನ್ನೇ ಮಾಡಿದ್ದರು.

ಅರ್ಬಾಬರು ಆ ಕಾಳುಗಳತ್ತ ನೋಡಿದರು. ಸಿಟ್ಟು ಬರುತ್ತದೆ ಎಂದು ಕಾದೆ. ಸಿಟ್ಟು ಬರಲಿಲ್ಲ. ಬೆಳಗಿನಿಂದ ನೆಟ್ಟಗಿದ್ದ ಅವರ ಭುಜ ಮಾತ್ರ ಸ್ವಲ್ಪ ಬಾಗಿತು. ನಾಲ್ಕು ಆಡು ಹೋದಾಗ ಇಲ್ಲದ ನಷ್ಟ ಆಗ ಆ ಮುಖದಲ್ಲಿ ಕಂಡಿತು.

ಗೆದ್ದವರು ಭಾವ. ಅವರು ನಗಲಿಲ್ಲ, ಹಂಗಿಸಲಿಲ್ಲ. ಬೆತ್ತದ ತುದಿಯನ್ನು ಮಣ್ಣಿಗೆ ಉಜ್ಜಿ ಒರೆಸಿಕೊಂಡು, “ಅನ್ನ ತಿಂದದ್ದು ನಾಯಿ. ಆಡು ಕೊಂದದ್ದೂ ಅದೇ ಅಂತ ಇಲ್ಲಿ ಎಲ್ಲಿ ಬರೆದಿದೆ?” ಎಂದರು. ಮೊದಲು ಇನ್ನೊಂದು ಬಂದು ಕೊಂದು ಹೋಗಿರಬಹುದು, ಉಳಿದದ್ದನ್ನು ನಾಯಿ ತಿಂದಿರಬಹುದು. ಬೆಳಗಿನಿಂದ ಯಾವ ಮಾತನ್ನು ಕಡಿದು ಹಾಕುತ್ತಿದ್ದರೋ ಅದಕ್ಕೇ ಈಗ ತಾವೇ ಆಧಾರ ಕೊಟ್ಟರು. ಅರ್ಬಾಬರು ಅವರತ್ತ ಒಮ್ಮೆ ನೋಡಿದರು, “ಖಲಾಸ್” ಎಂದರು, ಕಾರಿನ ಕಡೆ ನಡೆದರು. ಕಾಕನಿಗೆ ಒಂದು ಮಾತೂ ಹೇಳಲಿಲ್ಲ.

ಮೂರು ಗಂಟೆಗೆ ಸುದ್ದಿ ಸಂಪಾದಕಿಗೆ ಫೋನ್ ಮಾಡಿದೆ. ಬಹುತೇಕ ನಾಯಿ ಎಂದೆ. ನಾಯಿಯಾದರೆ ಅದು ಸುದ್ದಿಯಲ್ಲ ಎಂದರು, ಸರಿಯಾಗಿಯೇ. ಆ ಜಾಗಕ್ಕೆ ರಸ್ತೆ ಅಗಲ ಮಾಡುವ ಸುದ್ದಿ ಹೋಯಿತು.

ಹೊರಡುವ ಮೊದಲು ಕಾಕ ಚಹಾ ಮಾಡಿದರು. ಇಬ್ಬರೇ ಇದ್ದೆವು. ನೀವು ಹೇಳದೆ ಇರಬಹುದಿತ್ತು ಎಂದೆ. ಅವರು ಲೋಟ ತೊಳೆಯುತ್ತಲೇ ಉತ್ತರಿಸಿದರು.

“ನೀವು ನೋಡಿದ್ರಿ ಅಲ್ವಾ, ಪೇಪರ್‌ನವ್ರೇ? ನನ್ನ ಮುಖ ನೋಡಿ ಸುಮ್ಮನಾದ್ರಿ. ನಾಳೆ ನಿಮ್ಮ ಪೇಪರಲ್ಲಿ ತೋಳ ಅಂತ ಬಂದು, ನಾಡಿದ್ದು ನಾಯಿ ಸಿಕ್ಕಿಬಿದ್ರೆ ನಿಮ್ಮ ಮರ್ಯಾದೆ ಎಂತ ಆಗ್ತಿತ್ತು ಮಾರಾಯ್ರೆ?”

ಟಬ್ ಯಾಕೆ ಮುಚ್ಚಿದಿರಿ, ಗಾಳಿಗೆ ಬಿಟ್ಟಿದ್ದರೆ ಮಧ್ಯಾಹ್ನದೊಳಗೆ ಅಳಿಯುತ್ತಿತ್ತು ಎಂದು ಕೇಳಿದೆ. ತನಗೂ ಗೊತ್ತಾಗಬೇಕಿತ್ತು ಎಂದರು. ತೋಳವೇ ಆಗಿರಲಿ ಎಂದು ಬೇಡಿಕೊಂಡೇ ಮುಚ್ಚಿದ್ದರಂತೆ.

ಭಾವನವರು ಮಾಡಿದ ಫೋನಿಗೆ ಮುನಿಸಿಪಾಲಿಟಿಯ ಗಾಡಿ ಬಂದು ತಾಯಿಯನ್ನೂ ಮೂರು ಮರಿಗಳನ್ನೂ ಹಿಡಿದುಕೊಂಡು ಹೋಯಿತು. ಎಲ್ಲಿಗೆ ಎಂದು ಕಾಕ ಕೇಳಿದ್ದಕ್ಕೆ ಪ್ರಾಣಿಗಳ ಆಶ್ರಯಕ್ಕೆ ಎಂದರಂತೆ. ಅದನ್ನು ನಾನು ವಿಚಾರಿಸಿ ಖಚಿತ ಮಾಡಿಕೊಂಡಿಲ್ಲ. ಆಮೇಲೆ ಮೂರು ವಾರ ಅರ್ಬಾಬರು ತೋಟಕ್ಕೆ ಬರಲಿಲ್ಲ. ಕಾಕ ಸೂಟ್‌ಕೇಸನ್ನು ಮಂಚದ ಅಡಿಯಿಂದ ಹೊರಗೆ ತೆಗೆದಿಟ್ಟುಕೊಂಡಿದ್ದರು. ನಾನು ಗೊತ್ತಿದ್ದ ಎರಡು ಕಡೆ ಕೆಲಸ ಕೇಳಿದೆ. ಇಬ್ಬರೂ ವಯಸ್ಸು ಕೇಳಿ ನಿಲ್ಲಿಸಿದರು.

ವೀಸಾ ಮುಗಿಯಲು ನಾಲ್ಕು ದಿನ ಇರುವಾಗ ಕಾಕನ ಫೋನ್ ಬಂತು. ಅಲ್ ಬರ್ಷಾದಲ್ಲಿ, ನಮ್ಮ ಆಫೀಸಿನ ಹಿಂದಿನ ಟೈಪಿಂಗ್ ಸೆಂಟರಿಗೆ ಬರಲು ಸಾಧ್ಯವೇ ಎಂದು. ವೀಸಾದ ಅರ್ಜಿ ಟೈಪ್ ಮಾಡುವ ಅಂಗಡಿ ಅದು. ಹೋದಾಗ ಅರ್ಬಾಬರು ಟೋಕನ್ ಹಿಡಿದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಕಾಕ. ಅಷ್ಟು ದೂರ ಅವರೇ ಕಾರು ಓಡಿಸಿಕೊಂಡು ಬಂದಿದ್ದರು. ಕಾಕನ ಊರಿನ ವಿಳಾಸವನ್ನು ಇಂಗ್ಲಿಷಿನಲ್ಲಿ ಸರಿಯಾಗಿ ಬರೆಸಲು ನಾನು ಬೇಕಾಗಿತ್ತು.

ಕೌಂಟರಿನ ಹುಡುಗಿ ಎಷ್ಟು ವರ್ಷಕ್ಕೆ ಎಂದು ಕೇಳಿದಳು. ಎರಡು ಎಂದರು ಅರ್ಬಾಬ್. ಸಹಿ ಹಾಕುವಾಗ ತಲೆ ಎತ್ತದೆ ನನಗೆ ಹೇಳಿದರು, “ನೀನು ಬರೆಯದೆ ಇದ್ದದ್ದು ಒಳ್ಳೆಯದೇ. ಮೊದಲು ಬಂದದ್ದು ತೋಳ. ನಾಯಿ ಆಮೇಲೆ ಬಂದದ್ದು. ನನ್ನ ಭಾವನೂ ಒಪ್ಪಿದ್ದಾನೆ.” ಆಮೇಲೆ ಕಾಕನ ಕಡೆ ಪೆನ್ನು ಚಾಚಿದರು. “ಇವನು ಮಾತ್ರ ಒಪ್ಪುವುದಿಲ್ಲ.”

ಕಾಕ ಪೆನ್ನು ತೆಗೆದುಕೊಂಡರು. ತೋರಿಸಿದ ಜಾಗದಲ್ಲಿ ನಿಧಾನವಾಗಿ ಸಹಿ ಮಾಡಿದರು.

ಹೊರಗೆ ಬಂದ ಮೇಲೆ ನಾನು ಕಾಕನಿಗೆ ಥ್ಯಾಂಕ್ಸ್ ಹೇಳಿದೆ. ಇಷ್ಟು ವರ್ಷದ ಪರಿಚಯದಲ್ಲಿ ನಮ್ಮ ನಡುವೆ ಆ ಶಬ್ದ ಬಂದದ್ದು ಮೊದಲ ಸಲ. ಅವರಿಗೆ ವಿಚಿತ್ರವಾಗಿ ಕೇಳಿಸಿರಬೇಕು.

“ವೀಸಾ ಆದದ್ದು ನನಗೆ. ನೀವು ಎಂತಕ್ಕೆ ಥ್ಯಾಂಕ್ಸ್ ಹೇಳುವುದು?”

ಹೇಳಲು ಉದ್ದ ಇತ್ತು, ಆ ದಿನ ಹಳ್ಳದಲ್ಲಿ ನಾನು ನುಂಗಿದ ಮಾತಿನಿಂದ ಶುರುಮಾಡಬೇಕಿತ್ತು. ಅರ್ಬಾಬರು ಕಾರು ಚಾಲೂ ಮಾಡಿ ಹಾರ್ನ್ ಒತ್ತಿದರು, ಕಾಕ ಹೊರಟರು.