ತಮ್ಮನ ಹೆಸರಿನ ತೂಬು

ಅವ್ವನೂ ಹೋದ ಮೇಲೆ ಆ ಕಾರ್ಡುಗಳ ನೆನಪು ಮತ್ತೆ ಮತ್ತೆ ಬರುತ್ತಿದೆ.

ಎಂಬತ್ತರ ದಶಕದ ಮೊದಲಲ್ಲಿ ನಾನು ಸೂಳೆಕೆರೆ ನಾಲೆಯ ಸಣ್ಣ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಗದ್ದೆಗೆ ನೀರು ಬಿಡುವ ಪ್ರತಿ ತೂಬಿಗೂ ಒಂದು ಕಾರ್ಡು ಮಾಡಿ, ರಿಪೇರಿಯ ವಿವರವೆಲ್ಲ ಅದರಲ್ಲೇ ಇರಬೇಕೆಂದು ಇಂಜಿನಿಯರು ಹೇಳಿದರು. ಬರೆದು ನೋಡಿದರೆ ತೂಬುಗಳಿಗಿಂತ ಕಾರ್ಡುಗಳೇ ಹೆಚ್ಚಾಗಿದ್ದವು. ಮೇಲಿನ ಊರಿನವರು ಹುಣಸೇಮರದ ತೂಬು ಎನ್ನುತ್ತಿದ್ದುದನ್ನೇ ಕೆಳಗಿನವರು ಮುರುಕು ತೂಬು ಎನ್ನುತ್ತಿದ್ದರು. ಅಲ್ಲಿ ಹುಣಸೇಮರ ಇಲ್ಲದಾಗಿ ವರ್ಷಗಳಾಗಿದ್ದವು.

“ಮರ ಕಡ್ದು ಒಲೆಗಿಟ್ಟಾಯ್ತು, ಹೆಸ್ರು ಮಾತ್ರ ಇನ್ನೂ ನೆಳ್ಳು ಕೊಡ್ತೈತೆ ನೋಡ್ರಿ,” ಎಂದ, ನೀರು ಬಿಡುವ ನೀರಗಂಟಿ.

ಹೆಸರಿಡುವ ಕ್ರಮ ಗೊತ್ತುಮಾಡುವ ಕೆಲಸ ನನಗೆ ಬಂತು. ಮೊದಲು ದಂಡೆ, ಆಮೇಲೆ ಕವಲು, ಕೊನೆಗೆ ಕೆರೆಯ ಕಡೆಯಿಂದ ಎಣಿಸಿದ ಸಂಖ್ಯೆ: ಬಲದಂಡೆ, ಎರಡನೆಯ ಕವಲು, ಐದು. ಮರ, ಮನೆ, ಮನುಷ್ಯರ ಹೆಸರು ಯಾವುದೂ ಬೇಡ. ಹೆಸರು ಕೇಳಿದ ಹೊಸಬನೂ ನೇರ ಅಲ್ಲಿಗೆ ನಡೆದು ಹೋಗುವಂತಿರಬೇಕು.

ಆ ನಿಯಮದ ಹಿಂದೆ ಇನ್ನೊಂದು ಕಾರಣವೂ ಇತ್ತು. ಬಲದಂಡೆಯ ಆ ಐದನೆಯ ತೂಬಿನಲ್ಲಿ ವರ್ಷಗಳ ಹಿಂದೆ ನನ್ನ ತಮ್ಮ ಮುಳುಗಿ ಸತ್ತಿದ್ದ. ಅಂದಿನಿಂದ ಊರವರು ಅದನ್ನು ಅವನ ಹೆಸರಿನಿಂದಲೇ ಕರೆಯುತ್ತಿದ್ದರು. ಅವನನ್ನು ಕಂಡೇ ಇರದ ಮಕ್ಕಳು ಕೂಡ ಎಮ್ಮೆ ತೊಳೆಯಲು ಹೋಗುವಾಗ ಅವನ ಹೆಸರು ಹೇಳುತ್ತಿದ್ದರು. ಬೀದಿಯಲ್ಲಿ ಅದು ಕೇಳಿಸಿದಾಗಲೆಲ್ಲ ಅವ್ವ ಕೈಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಆ ಹೆಸರು ಕೇಳಿಸದಂತಾದರೆ ಅವಳಿಗೆ ನೆಮ್ಮದಿಯಾದೀತು ಎಂದುಕೊಂಡೆ.

ತೂಬಿನ ಕಲ್ಲುಗಳ ಮೇಲೆ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆಸಿದೆವು. ದೂರುಗಳು ಸರಿಯಾದ ಕಾರ್ಡಿಗೆ ಬಂದು ಸೇರತೊಡಗಿದವು. ಬೀದಿಯಲ್ಲಿ ತಮ್ಮನ ಹೆಸರು ಮೆಲ್ಲಗೆ ಇಲ್ಲವಾಯಿತು. ಆದರೆ ಅವನ ತೂಬಿನ ಕಾರ್ಡು ಖಾಲಿಯಾಗಿಯೇ ಉಳಿಯಿತು. ಉಳಿದ ಕಡೆ ಹೂಳು ತುಂಬುತ್ತಿತ್ತು, ತೂಬಿನ ಬಾಗಿಲು ಎತ್ತುವ ತಿರುಪು ತುಕ್ಕು ಹಿಡಿಯುತ್ತಿತ್ತು. ಅವನ ತೂಬಿನಲ್ಲಿ ಮಾತ್ರ ಅಂಥದ್ದೇನೂ ಇಲ್ಲ. ಕೇಳಿದರೆ ನೀರಗಂಟಿ ಬೇರೆ ಕಡೆ ನೋಡಿದ. ಆ ತೂಬಿಗೆ ತಾನು ಕೈ ಹಚ್ಚುವುದೇ ಇಲ್ಲ, ಹೋಗುವಷ್ಟರಲ್ಲಿ ಎಲ್ಲ ಆಗಿರುತ್ತದೆ ಎಂದ. ಯಾರು ಮಾಡುತ್ತಾರೆ ಎಂದು ಮಾತ್ರ ಹೇಳಲಿಲ್ಲ.

ಒಂದು ಸಂಜೆ ನಾನೇ ಹೋದೆ. ಗಾಳಿ ಇರಲಿಲ್ಲ. ತಿರುಪಿಗೆ ಎಣ್ಣೆ ಸವರಿದ್ದರು, ತೂಬಿನ ಬಾಯಲ್ಲಿ ಒಂದು ಕಡ್ಡಿ ಕಸವಿರಲಿಲ್ಲ. ಕಲ್ಲಿನ ಮೇಲಿನ ಸಂಖ್ಯೆಯನ್ನು ಉಜ್ಜಿ ಉಜ್ಜಿ ತೆಗೆದಿದ್ದರು. ಕೆಳಗೆ ನೀರಿನ ಹತ್ತಿರ ಯಾರೋ ಮೆಲ್ಲಗೆ ಮಾತಾಡುತ್ತಿದ್ದರು. ನಡುನಡುವೆ ಉತ್ತರ ಕೇಳಿಸಿಕೊಳ್ಳುವವರಂತೆ ಸುಮ್ಮನಾಗುತ್ತಿದ್ದರು. ಇಳಿದು ನೋಡಿದರೆ ಅವ್ವ. ಪಕ್ಕದಲ್ಲಿ ಮನೆಯ ಹರಳೆಣ್ಣೆಯ ಬಟ್ಟಲಿತ್ತು.

ಮನೆಗೆ ಹೋಗೋಣ ಎಂದೆ. ಅವಳು ಏಳಲಿಲ್ಲ.

“ನಂಬರ್ ಹಾಕಿ ಕರೆದ್ರೆ ಅವ್ನು ತಿರುಗಿ ನೋಡಲ್ಲಪ್ಪ,” ಎಂದಳು. “ಊರಾಗೆ ಈಗ ಯಾರೂ ಅವನ್ನ ಕರೆಯಲ್ಲ. ಕರೆಯಾಕೆ ನಾನೇ ಬರಬೇಕು.”

ಮರುದಿನ ಇಂಜಿನಿಯರನ್ನು ಕೇಳಿ ಎಲ್ಲ ಕಾರ್ಡುಗಳಲ್ಲೂ ಇನ್ನೊಂದು ಸಾಲು ಸೇರಿಸಿದೆ: ರೂಢಿಯ ಹೆಸರು. ತೂಬನ್ನು ಹುಡುಕುವುದು ಸಂಖ್ಯೆಯಿಂದಲೇ. ಜನ ಏನೆನ್ನುತ್ತಾರೋ ಅದು ಅದರ ಕೆಳಗೆ. ಇಲ್ಲದ ಹುಣಸೇಮರಕ್ಕೂ ಅಲ್ಲಿ ಜಾಗ ಸಿಕ್ಕಿತು. ತಮ್ಮನ ಕಾರ್ಡನ್ನು ಎಲ್ಲಕ್ಕಿಂತ ಕೊನೆಗೆ ಬರೆದು ಮನೆಗೆ ತಂದೆ. ಅವ್ವನಿಗೆ ಓದು ಬರುತ್ತಿರಲಿಲ್ಲ. ಹೆಸರನ್ನು ನಾನೇ ಗಟ್ಟಿಯಾಗಿ ಓದಿದೆ. ಅವನು ಹೋದ ಮೇಲೆ ಅದು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು.

ಅವ್ವ ಬಾಗಿಲ ಕಡೆ ತಿರುಗಿದಳು. ನಾನೂ ತಿರುಗಿದೆ.