ಬಿಸಿಲು ನೋಡುವ ಬೆಟ್ಟಯ್ಯ

ಬೆಟ್ಟಯ್ಯನ ಕಸುಬು ಗಾಜಿನ ಕೋಣೆ ಕಟ್ಟುವುದು. ಹೆಬ್ಬಾಳದ ಶೆಡ್ಡಿನಲ್ಲಿ ಅಲ್ಯೂಮಿನಿಯಂ ಚೌಕಟ್ಟು ಕತ್ತರಿಸುತ್ತಾ, ಊರವರ ಮನೆಗಳಿಗೆ ಬಿಸಿಲು ಕರೆತರುತ್ತಾ ಮೂವತ್ತು ವರ್ಷ ಕಳೆದಿದ್ದಾನೆ. ನೆತ್ತಿಯ ಮೇಲೂ ಗಾಜಿರುವ ಕೋಣೆ, ಮೂರು ಕಡೆ ಗಾಜಿದ್ದು ಮೇಲೆ ಹೆಂಚು ಹೊದ್ದ ಕೋಣೆ, ಜಾರುಬಾಗಿಲು ಹಾಕಿ ಮುಚ್ಚಿದ ಬಾಲ್ಕನಿ, ಗಿಡಗಳಿಗೆಂದೇ ಪುಟ್ಟ ಗಾಜಿನ ಗೂಡು, ಎಲ್ಲವೂ ಅವನ ಕೈಗೆ ಪಳಗಿವೆ. ಆದರೆ ಅವನಿಗೊಂದು ಹುಚ್ಚು. ಕೆಲಸ ಹಿಡಿಯುವ ಮೊದಲು ಇಡೀ ದಿನ ಆ ಮನೆಯಲ್ಲಿ ಸುಮ್ಮನೆ ಕೂತು ಬಿಸಿಲು ನೋಡಬೇಕು. ಅದು ಎಲ್ಲಿ ಕಾಲಿಡುತ್ತದೆ, ಎಲ್ಲಿ ಮೈಚಾಚುತ್ತದೆ, ಎಲ್ಲಿಂದ ಎದ್ದು ಹೋಗುತ್ತದೆ ಎಂದು ನೋಡುತ್ತಾ ಅವನೂ ಅರ್ಧ ಕನಸಿಗೆ ಜಾರುತ್ತಾನೆ. ನೋಡುವವರಿಗೆ ಅದು ಶುದ್ಧ ಸೋಮಾರಿತನ.

ಯಾದವಗಿರಿಯ ಪ್ರೇಮಲೀಲಾ ಅವರಿಗೂ ಹಾಗೇ ಅನ್ನಿಸಿತು. ಗಂಡ ತೀರಿಕೊಂಡು ಎಂಟು ತಿಂಗಳು, ಅಂದಿನಿಂದ ನಿದ್ದೆ ಅವರ ಹತ್ತಿರ ಸುಳಿದಿರಲಿಲ್ಲ. ಬೆಳಗಿನ ಬಿಸಿಲಲ್ಲಿ ಕೂರಿ ಎಂದು ಡಾಕ್ಟರು ಹೇಳಿದ್ದರು. ಅದಕ್ಕೆಂದು ಗಾಜಿನ ಕೋಣೆ ಕಟ್ಟಿಸಲು ಪ್ರೇಮಲೀಲಾ ಆರಿಸಿದ್ದು ರಸ್ತೆ ಕಡೆಯ ಜಗಲಿ, ಫೋನಿನಲ್ಲಿ ಕಂಡ ಚಿತ್ರದಂತೆ ನೆತ್ತಿಯ ಮೇಲೂ ಗಾಜು.

ದಿನವಿಡೀ ಕೂತಿದ್ದ ಬೆಟ್ಟಯ್ಯ ಸಂಜೆ ತಲೆ ಕೆರೆದುಕೊಂಡ. “ಅಮ್ಮಾವ್ರೇ, ಇದು ಪಡುವಲು. ಬೆಳಿಗ್ಗೆ ನೆಳ್ಳು, ಮಧ್ಯಾಹ್ನದ ಮ್ಯಾಲೆ ಬೆಂಕಿ. ನಿಮಗೆ ಬೇಕಾದ ಬಿಸ್ಲು ಇರೋದು ಹಿತ್ಲಲ್ಲಿ, ಪಾತ್ರೆ ತೊಳಿಯೋ ಕಲ್ಲಿನ್ ತಾವ.”

“ಬಂದವರನ್ನ ಪಾತ್ರೆ ಕಲ್ಲಿನ ಹತ್ರ ಕೂರಿಸ್ಲಾ? ಚೆನ್ನಾಗಿದೆ ಕಣ್ರೀ! ನಿಮ್ಮಿಂದ ಆಗದಿದ್ರೆ ಬಿಡಿ, ಬೇರೆಯವರಿಗೆ ಹೇಳ್ತೀನಿ.”

ಈ ಕೆಲಸ ಬೆಟ್ಟಯ್ಯನಿಗೆ ಬೇಕಿತ್ತು. ಆದರೆ ಹಿಂದೊಮ್ಮೆ ನಜರ್‌ಬಾದಿನಲ್ಲಿ ಮನೆಯವರು ಹೇಳಿದರೆಂದು ಪಡುವಣಕ್ಕೆ ಕಟ್ಟಿಕೊಟ್ಟ ಕೋಣೆ, ಸೆಕೆಗೆ ಯಾರೂ ಕೂರದೆ ಎರಡೇ ಬೇಸಿಗೆಯಲ್ಲಿ ಹಳೇ ಪೇಪರಿನ ಗೋದಾಮಾಗಿತ್ತು. ಅದು ಇನ್ನೂ ಅವನನ್ನು ಚುಚ್ಚುತ್ತಿತ್ತು.

“ಬೇರೆಯವ್ರಿಗೇ ಹೇಳಿ. ಆದ್ರೆ ನಾಳೆ ಏಳು ಗಂಟೆಗೆ ಹಿತ್ಲಲ್ಲಿ ಒಂದ್ಸಲ ಕೂತ್ಬುಟ್ಟು ಆಮೇಲೆ ಹೇಳಿ.”

ಮರುದಿನ ಏಳಕ್ಕೆ ಪ್ರೇಮಲೀಲಾ ಮುಖ ಗಂಟಿಕ್ಕಿಕೊಂಡೇ ಹಿತ್ತಲಿಗೆ ಬಂದರು. ಆಗಲೇ ಬಂದು ಕಾಯುತ್ತಿದ್ದ ಬೆಟ್ಟಯ್ಯ ಗೋಡೆಗೆ ಒರಗಿಸಿ ಕುರ್ಚಿ ಹಾಕಿದ. ತೆಂಗಿನ ಗರಿಗಳ ನಡುವಿಂದ ಇಳಿದ ಬಿಸಿಲು ಮೊದಲು ಅವರ ಪಾದಕ್ಕೆ ಬಂತು, ಆಮೇಲೆ ಮಡಿಲಿಗೆ. ತೊಳೆದಿಟ್ಟ ತಟ್ಟೆಗಳಿಂದ ಚಿಮ್ಮಿದ ಬೆಳಕು ಗೋಡೆಯ ಮೇಲೆ ನೀರಿನಂತೆ ಅಲುಗಿತು. ಯಾರದೋ ಮನೆಯ ಕುಕ್ಕರ್ ದೂರದಲ್ಲೆಲ್ಲೋ ಕೂಗಿತು.

“ನಮ್ಮ ಯಜಮಾನ್ರು ಇಲ್ಲೇ ನಿಂತು ಹಲ್ಲುಜ್ಜೋರು...” ಎಂದರು ಪ್ರೇಮಲೀಲಾ. ಮಾತು ಮುಗಿಯಲಿಲ್ಲ. ತಲೆ ಗೋಡೆಗೆ ಒರಗಿತು, ಬಾಯಿ ತುಸು ತೆರೆಯಿತು.

ನಿದ್ದೆ!

ಬೆಟ್ಟಯ್ಯನ ಕಣ್ಣು ತುಂಬಿ ಬಂತು. ಕೆಮ್ಮನ್ನು ನುಂಗಿಕೊಂಡ. ಸೂರ್ಯ ಸರಿದಂತೆ ತನ್ನ ನೆರಳು ಅವರ ಮುಖದತ್ತ ಹೊರಳುವುದನ್ನು ಕಂಡು, ಚಪ್ಪಲಿ ಕಳಚಿ, ಒಂದೊಂದೇ ಹೆಜ್ಜೆ ಪಕ್ಕಕ್ಕೆ ಸರಿಯುತ್ತಾ ಹೋದ. ಒಂಬತ್ತರ ಹೊತ್ತಿಗೆ ಕಾಂಪೌಂಡಿನ ಮೂಲೆಯಲ್ಲಿ ದಾಸವಾಳದ ಗಿಡಕ್ಕೆ ಅಂಟಿಕೊಂಡು ನಿಂತಿದ್ದ.

ಕಣ್ಣು ಬಿಟ್ಟ ಪ್ರೇಮಲೀಲಾ ಅವನನ್ನು ಹುಡುಕಿದರು. “ಅಲ್ಲಿ ಯಾಕೆ ನಿಂತಿದೀರಿ ಬೆಟ್ಟಯ್ಯ?”

“ನನ್ನ ನೆಳ್ಳು ನಿಮ್ಮೇಲೆ ಬೀಳ್ತಿತ್ತು ಅಮ್ಮಾವ್ರೇ.”

ಪ್ರೇಮಲೀಲಾ ಎದ್ದು ಒಳಗೆ ಹೋಗಿ, ತಾವೇ ಇನ್ನೊಂದು ಕುರ್ಚಿ ತಂದು ಪಕ್ಕದಲ್ಲಿ ಹಾಕಿದರು.

“ಬನ್ನಿ, ಕೂತ್ಕೊಳಿ. ಇಲ್ಲೇ ಕಟ್ಟಿ. ಎರಡು ಕುರ್ಚಿ ಹಿಡಿಸ್ಬೇಕು.”